ಹಳ್ಳಿಖೇಡ ಯಾರ ಊರು?

ಬೀದರ ಜಿಲ್ಲೆಯ ಹುಮನಾಬಾದ ತಾಲ್ಲೂಕಿನಲ್ಲಿ ಹಳ್ಳಿಖೇಡ ಎಂಬ ಹೆಸರಿನ ಊರುಗಳು ಎರಡಿವೆ. ಬರೆಯುವಾಗ ಒಂದರ ಮುಂದೆ ಕಂಸದಲ್ಲಿ ‘ಬಿ’ ಎಂದೂ ಇನ್ನೊಂದರ ಮುಂದೆ ‘ಕೆ’ ಎಂದೂ ಸೇರಿಸುವುದು ವಾಡಿಕೆ. ಹೊಸಬರು ಇದನ್ನು ಕಂಡು, ಊರಿಗೂ ಇನಿಷಿಯಲ್ ಇರುತ್ತದೆಯೇ ಎಂದು ನಗುವುದುಂಟು. ‘ಬಿ’ ಎಂದರೆ ಬುಜುರ್ಗ್, ಹಿರಿಯದು. ‘ಕೆ’ ಎಂದರೆ ಖುರ್ದ್, ಕಿರಿಯದು. ಎರಡೂ ಪಾರಸಿ ಮಾತುಗಳು. ಇನ್ನು ಹೆಸರಿನ ಒಡಲನ್ನು ಬಿಡಿಸಿದರೆ, ಹಳ್ಳಿ ಎಂಬುದು ಅಚ್ಚಗನ್ನಡ. ಖೇಡ ಎಂಬುದು ಮರಾಠಿಯಲ್ಲಿ ಹಳ್ಳಿಗೆ ಹೇಳುವ ‘ಖೇಡೆ’ ಎಂಬ ಮಾತಿನ ಬಂಧು. ಹಳ್ಳಿ, ಮತ್ತೆ ಹಳ್ಳಿ, ಅದರಲ್ಲಿ ಹಿರಿಯದು! ಒಂದೇ ಹೆಸರಿನೊಳಗೆ ಮೂರು ಭಾಷೆಗಳು ಜಗಳವಿಲ್ಲದೆ ಕುಳಿತಿವೆ. ಮೇಲಾಗಿ, ಎರಡೆರಡು ಸಲ ಹಳ್ಳಿಯೆಂದು ಹೇಳಿಕೊಳ್ಳುವ ಈ ಹಿರಿಯ ಹಳ್ಳಿಖೇಡ ಇಂದು ಹಳ್ಳಿಯೇ ಅಲ್ಲ, ಪಟ್ಟಣ.

ಈ ಊರಿನ ಹೆಸರು ನನ್ನನ್ನು ಮೊದಲು ಕಾಡಿದ್ದು ಸುಮಾರು 1989ರಲ್ಲಿ. ಆಗ ನಾನು ಕನ್ನಡ ಎಂ.ಎ. ಮುಗಿಸಿ ಅಧ್ಯಾಪಕನಾಗಿ ಕೆಲವೇ ವರ್ಷಗಳಾಗಿದ್ದವು. ಸ್ಥಳಗಳ ಕೋಶವೊಂದು ಸಿದ್ಧವಾಗುತ್ತಿತ್ತು. ಗಡಿನಾಡಿನ ಕೆಲವು ತಾಲ್ಲೂಕುಗಳ ಟಿಪ್ಪಣಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಬಸವಕಲ್ಯಾಣ, ಹುಮನಾಬಾದ ಈಚೆಗೆ. ಅಕ್ಕಲಕೋಟೆ, ಉದಗೀರ ಆಚೆಗೆ. ಊರಿಗೊಂದು ಕಾರ್ಡು. ಕಾರ್ಡಿನ ಮೇಲ್ಭಾಗದಲ್ಲಿ ತುಂಬಬೇಕಾದ ಅಂಕಣಗಳು ಮೂರು: ಹೆಸರು, ವರ್ಗ, ಭಾಷಾಪ್ರದೇಶ. ಮೂರೇ ಮಾತಲ್ಲವೇ, ಒಂದು ಬೇಸಗೆ ರಜೆಯಲ್ಲಿ ಮುಗಿದೀತೆಂದು ನಾನು ಎಣಿಸಿದ್ದೆ.

ಹೆಸರಿನಿಂದಲೇ ತೊಡಕು ಮೊದಲಾಯಿತು. ಬಸವಕಲ್ಯಾಣವನ್ನೇ ನೋಡಿ. ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯ ಒಂದನೆಯ ಸೋಮೇಶ್ವರನು ಮಾನ್ಯಖೇಟದಿಂದ ರಾಜಧಾನಿಯನ್ನು ಇಲ್ಲಿಗೆ ತಂದಾಗ ಇದು ಕಲ್ಯಾಣ. ಬಿಲ್ಹಣ ಹೊಗಳಿದ್ದು, ಮಿತಾಕ್ಷರೆಯ ವಿಜ್ಞಾನೇಶ್ವರ ಕೊಂಡಾಡಿದ್ದು ಈ ಕಲ್ಯಾಣವನ್ನು. ಬಸವಣ್ಣನವರು ಬಂದದ್ದೂ ಕಲ್ಯಾಣಕ್ಕೇ. ಮುಂದೆ ನಿಜಾಮರ ಕಾಲಕ್ಕೆ ಇದು ನವಾಬರ ಜಹಗೀರಾಗಿ ಕಲ್ಯಾಣಿ ಎನಿಸಿಕೊಂಡಿತು. ಫ್ಲೀಟ್ ಮೊದಲಾದ ವಿದ್ವಾಂಸರು ತಮ್ಮ ಕಾಲದಲ್ಲಿ ಕಿವಿಗೆ ಬಿದ್ದ ಈ ಹೆಸರನ್ನೇ ಹಿಂದಕ್ಕೆ ಒಯ್ದು ‘ಕಲ್ಯಾಣಿಯ ಚಾಲುಕ್ಯರು’ ಎಂದು ಬರೆದರು; ಇಂಗ್ಲಿಷ್ ಪುಸ್ತಕಗಳಲ್ಲಿ ಅದು ಇಂದಿಗೂ ಉಳಿದಿದೆ. 1956ರ ಏಕೀಕರಣದ ತರುವಾಯ ಊರು ಬಸವಕಲ್ಯಾಣವಾಯಿತು. ಹಾಗೆಂದು ಪರೀಕ್ಷೆಯಲ್ಲಿ ವಿದ್ಯಾರ್ಥಿಯೊಬ್ಬನು ‘ಬಸವಣ್ಣನವರು ಬಸವಕಲ್ಯಾಣಕ್ಕೆ ಬಂದರು’ ಎಂದು ಬರೆದರೆ ಅಂಕ ಕಳೆಯುವುದೋ ಬಿಡುವುದೋ? ನಾನು ಕಳೆಯುತ್ತಿರಲಿಲ್ಲ. ಆದರೆ ಕೋಶದಲ್ಲಿ ಹಾಗೆ ಬರೆಯಲಾಗದು. ವಚನ ಓದಿ ಊರನ್ನು ಹುಡುಕುವವನು ‘ಕ’ಕಾರದಲ್ಲಿ ಹುಡುಕುತ್ತಾನೆ, ಬಸ್ಸು ಹತ್ತುವವನು ‘ಬ’ಕಾರದಲ್ಲಿ. ಮುಂಬಯಿಯ ಸಮೀಪದಲ್ಲಿ ಇನ್ನೊಂದು ಕಲ್ಯಾಣ ಬೇರೆ ಇದೆ.

ಹೆಸರು ಬದಲಾಗದ ಊರುಗಳೂ ಕಾಗದದ ಮೇಲೆ ಒಂದೇ ಬಗೆಯಾಗಿಲ್ಲ. ಹುಮನಾಬಾದವನ್ನು ಹಳೆಯ ಇಂಗ್ಲಿಷ್ ಪುಸ್ತಕಗಳು ಹೊಮ್ನಾಬಾದ್ ಎನ್ನುತ್ತವೆ. ಚಿಟಗುಪ್ಪವನ್ನು ಚಿಟಗೋಪ ಎನ್ನುತ್ತವೆ. ಇದಕ್ಕೆ ಕಾರಣ ಉಚ್ಚಾರದ ಅಜ್ಞಾನವೊಂದೇ ಅಲ್ಲ. ನಿಜಾಮರ ದಫ್ತರುಗಳು ಉರ್ದುವಿನಲ್ಲಿದ್ದವು. ಉರ್ದು ಲಿಪಿಯಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ‘ವಾವ್’ ಎಂಬ ಒಂದೇ ಅಕ್ಷರ ಊಕಾರವೂ ಆಗಬಹುದು, ಓಕಾರವೂ ಆಗಬಹುದು. ಕನ್ನಡದ ಬಾಯಿಂದ ಉರ್ದುವಿನ ಕಾಗದಕ್ಕೆ, ಅಲ್ಲಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಮರಳಿ ಕನ್ನಡಕ್ಕೆ ಬಂದ ಹೆಸರು ಹೊರಟಾಗಿನ ಮುಖದಲ್ಲಿ ಹಿಂದಿರುಗುವುದು ಅಪರೂಪ. ಬರೆಯುತ್ತಿರುವ ಶಿಲಾಬಾಲಿಕೆಯಿಂದ ಹೆಸರಾದ, ಇದೇ ತಾಲ್ಲೂಕಿನ ಜಲಸಂಗಿಯು ಜಲಸಂಗವಿ, ಜಲಸಂಗ್ವಿ ಎಂದೆಲ್ಲ ಅಚ್ಚಾಗಿರುವುದನ್ನು ಕಂಡವರು ಇವು ಬೇರೆ ಬೇರೆ ಊರುಗಳೆಂದು ತಿಳಿದರೆ ತಪ್ಪಿಲ್ಲ.

ಎರಡನೆಯದು ವರ್ಗ. ಜನಗಣತಿಯವರು ನಗರಾಡಳಿತ ಸಂಸ್ಥೆಯಿರುವ ಊರನ್ನೆಲ್ಲ ಪಟ್ಟಣವೆನ್ನುತ್ತಾರೆ. ಉಳಿದವುಗಳಲ್ಲಿ ಕನಿಷ್ಠ 5,000 ಜನ, ಚದರ ಕಿಲೋಮೀಟರಿಗೆ 400 ಜನರ ಸಾಂದ್ರತೆ, ದುಡಿಯುವ ಗಂಡಸರಲ್ಲಿ ನೂರಕ್ಕೆ 75ರಷ್ಟಾದರೂ ಬೇಸಾಯವಲ್ಲದ ಕಸುಬು, ಈ ಮೂರೂ ಕೂಡಿದರೆ ಪಟ್ಟಣ, ಇಲ್ಲದಿದ್ದರೆ ಹಳ್ಳಿ. ಕಂದಾಯದವರ ಲೆಕ್ಕವೇ ಬೇರೆ. ಅವರಿಗೆ ಗ್ರಾಮವೆಂದರೆ ಮನೆಗಳಲ್ಲ, ಸರ್ವೆ ನಂಬರುಗಳಿಂದ ಎಲ್ಲೆ ಕಟ್ಟಿದ ನೆಲ. ಆ ನೆಲದಲ್ಲಿ ಒಂದೂ ಮನೆಯಿರದಿದ್ದರೂ ಅದು ಗ್ರಾಮವೇ; ಅದಕ್ಕೆ ಬೇಚರಾಕ್ ಗ್ರಾಮವೆಂದು ಹೆಸರು. ಬೇ-ಚಿರಾಗ್, ದೀಪವಿಲ್ಲದ ಊರು! ಕಂದಾಯದ ಕಡತದಲ್ಲಿ ಇಂಥ ಕವಿತ್ವ ಅಡಗಿರುವುದು ನಮ್ಮ ಕವಿಗಳಿಗೆ ತಿಳಿದಂತಿಲ್ಲ. ಇನ್ನೊಂದು ಕಡೆ, ನೂರಾರು ಮನೆಗಳಲ್ಲಿ ದೀಪ ಉರಿಯುವ ಲಂಬಾಣಿ ತಾಂಡಾಗಳು ಬಹುಕಾಲ ಯಾವುದೋ ಗ್ರಾಮದ ಮಜರೆಯಾಗಿ, ಪಟ್ಟಿಯಲ್ಲಿ ಸ್ವಂತ ಹೆಸರಿಲ್ಲದೆ ಉಳಿದವು. ದೀಪವಿಲ್ಲದ್ದಕ್ಕೆ ಹೆಸರುಂಟು, ದೀಪವಿದ್ದುದಕ್ಕೆ ಹೆಸರಿಲ್ಲ.

ಹಳೆಯ ಕಾಲದವರಿಗೂ ಈ ವರ್ಗೀಕರಣದ ಹಂಬಲವಿತ್ತು. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳನ್ನು ತೆರೆದರೆ ಗ್ರಾಮ, ನಗರ, ಖೇಡ, ಖರ್ವಡ, ಮಡಂಬ, ದ್ರೋಣಾಮುಖ, ಪತ್ತನ ಎಂಬ ಸಾಲು ಎದುರಾಗುತ್ತದೆ. ಇವುಗಳ ಲಕ್ಷಣಗಳನ್ನು ಅರ್ಥಕೋಶಗಳು ಹೇಳುತ್ತವೆ. ಒಂದರ ಮಾತು ಇನ್ನೊಂದಕ್ಕೆ ತಾಳೆಯಾಗದು. ನನ್ನ ಕಣ್ಣು ನಿಂತದ್ದು ಮೂರನೆಯ ಮಾತಿನ ಮೇಲೆ. ಖೇಡ! ಮರಾಠಿಯದೆಂದು ನಾನು ಗುರುತು ಹಾಕಿಟ್ಟಿದ್ದ ಮಾತು ಕನ್ನಡ ಶಾಸನದಲ್ಲಿ ಕುಳಿತಿತ್ತು. ಸಂಸ್ಕೃತದ ‘ಖೇಟ’ ಅದರ ಮೂಲ. ರಾಷ್ಟ್ರಕೂಟರ ಮಾನ್ಯಖೇಟದಲ್ಲಿ ಇರುವುದೂ ಅದೇ ಅಲ್ಲವೇ? ಎಂ.ಎ. ತರಗತಿಯಲ್ಲಿ ನೂರು ಸಲ ಹೇಳಿದ್ದ ಹೆಸರದು.

ಮೂರನೆಯ ಅಂಕಣ ಭಾಷಾಪ್ರದೇಶ. ಅದಕ್ಕೆ ಮೊದಲು ಇಲ್ಲಿಯ ನೆಲ ಹರಿದು ಹಂಚಿಹೋದ ಬಗೆಯನ್ನು ಸ್ವಲ್ಪ ಹೇಳಬೇಕು. ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯಲ್ಲಿ ಮರಾಠಿ, ಕನ್ನಡ, ತೆಲುಗು, ಉರ್ದು ನಾಲ್ಕೂ ಇದ್ದವು. ಯಾವುದೊಂದು ಭಾಷೆಗೂ ಅರ್ಧದಷ್ಟು ಜನರಿರಲಿಲ್ಲ. 1955ರ ರಾಜ್ಯ ಪುನರ್ವಿಂಗಡಣಾ ಆಯೋಗವು ಈ ಜಿಲ್ಲೆಯನ್ನು ತೆಲಂಗಾಣದ ಜಿಲ್ಲೆಗಳೊಡನೆ ಸೇರಿಸಿ ಹೈದರಾಬಾದ್ ರಾಜ್ಯದಲ್ಲೇ ಉಳಿಸಲು ಸೂಚಿಸಿತ್ತು. ಮರುವರ್ಷದ ಕಾಯಿದೆ ಬೇರೆ ದಾರಿ ಹಿಡಿಯಿತು. ಅಹಮದಪುರ, ನಿಲಂಗಾ, ಉದಗೀರ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೆ, ನಾರಾಯಣಖೇಡ ಮತ್ತು ಜಹೀರಾಬಾದ ಆಂಧ್ರಕ್ಕೆ, ಉಳಿದದ್ದು ಮೈಸೂರಿಗೆ. ಜಹೀರಾಬಾದವನ್ನು ಕೊಡುವಾಗ ನಿರ್ಣಾ ಸರ್ಕಲ್ಲನ್ನು ಈಚೆ ಉಳಿಸಿಕೊಂಡರು. ಬೀದರ ತಾಲ್ಲೂಕಿನಿಂದ ನ್ಯಾಲಕಲ್ ಸರ್ಕಲ್ಲನ್ನು ಕತ್ತರಿಸಿ ಆಚೆ ಕೊಟ್ಟರು. ಮಹಾರಾಷ್ಟ್ರ ಇದನ್ನೊಪ್ಪದೆ, ಹಳ್ಳಿಯೇ ಮೂಲ ಘಟಕವಾಗಬೇಕೆಂದು ವಾದಿಸಿ 814 ಹಳ್ಳಿಗಳನ್ನು ಕೇಳಿತು. ಬೀದರ ಜಿಲ್ಲೆಯ ಹಳ್ಳಿಗಳೂ ಅದರಲ್ಲಿದ್ದವು. 1966ರಲ್ಲಿ ನೇಮಕವಾದ ಮಹಾಜನ ಆಯೋಗ ಮರುವರ್ಷ ವರದಿಯಿತ್ತು: 264 ಹಳ್ಳಿಗಳು ಅತ್ತ, ಅಕ್ಕಲಕೋಟೆ, ಜತ್ತ ಮುಂತಾದ ಕಡೆಯ 247 ಹಳ್ಳಿಗಳು ಇತ್ತ. ಮಹಾರಾಷ್ಟ್ರ ಅದನ್ನು ತಿರಸ್ಕರಿಸಿತು. 2004ರಲ್ಲಿ ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು.

ಇಂಥ ನೆಲದಲ್ಲಿ ಕೋಶದ ಒಂದು ಸಾಲು ಬರಿಯ ಸಾಲಾಗಿ ಉಳಿಯುವುದಿಲ್ಲ. ನಾನು ‘ಮರಾಠಿ ಪ್ರದೇಶ’ ಎಂದು ಬರೆದರೆ ನಾಳೆ ಅದನ್ನು ಯಾವ ವಕೀಲರು ಯಾವ ಪೀಠದ ಮುಂದೆ ಓದುತ್ತಾರೋ ಬಲ್ಲವರಾರು? ಆ ಭಯದಲ್ಲಿ ನಾನೊಂದು ಉಪಾಯ ಕಂಡುಕೊಂಡೆ, ಶಾಸ್ತ್ರೀಯವೆಂದೇ ನಂಬಿದ್ದೆ. ಊರು, ಹಳ್ಳಿ ಎಂದು ಮುಗಿದರೆ ಕನ್ನಡ. ವಾಡಿ, ಖೇಡ ಎಂದರೆ ಮರಾಠಿ. ಆಬಾದ್ ಎಂದರೆ ಉರ್ದು. ಶಂ.ಬಾ. ಜೋಶಿಯವರು ಸ್ಥಳನಾಮಗಳನ್ನು ಆಧಾರವಾಗಿಟ್ಟುಕೊಂಡು ಕನ್ನಡದ ಹಳೆಯ ನೆಲೆ ಮಹಾರಾಷ್ಟ್ರದೊಳಗೂ ಹಬ್ಬಿತ್ತೆಂದು ತೋರಿಸಲು ಮಾಡಿದ ಕೆಲಸವನ್ನು ಓದಿ ಉಬ್ಬಿದ್ದ ವಯಸ್ಸದು. ಅವರು ಹೇಳಿದ್ದು ಹಿಂದೆ ಯಾರಿದ್ದರು ಎಂಬುದನ್ನು. ನಾನು ಅದೇ ಅಳತೆಗೋಲಿನಿಂದ ಈಗ ಯಾರಿದ್ದಾರೆ ಎಂದು ಅಳೆಯಹೊರಟಿದ್ದೆ.

ಹುಮನಾಬಾದದಲ್ಲಿ ಪರಿಚಿತರೊಬ್ಬರು ನನ್ನನ್ನು ಒಬ್ಬ ಮುದುಕರ ಬಳಿಗೆ ಕರೆದೊಯ್ದರು. ಅವರು ನಿಜಾಮರ ಕಾಲದಲ್ಲಿ ಪಟವಾರಿಯಾಗಿದ್ದವರು. ಉರ್ದು, ಮೋಡಿ, ಕನ್ನಡ ಮೂರನ್ನೂ ಒಂದೇ ವೇಗದಲ್ಲಿ ಬರೆಯಬಲ್ಲವರು. ನನ್ನ ಕಾರ್ಡುಗಳನ್ನು ಕಣ್ಣಿಗೆ ಸಮೀಪ ಹಿಡಿದು ಒಂದೊಂದಾಗಿ ನೋಡಿದರು.

“ಖೇಡ ಅಂದ್ರ ಮರಾಠಿ ಅಂತ ಬರದೀರಿ. ಹಂಗಿದ್ರ ನಾರಾಯಣಖೇಡ ತೆಲುಗರ ಕಡಿ ಯಾಕ ಹೋಯ್ತು, ಸರ?” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. “ಹುಮನಾಬಾದಕ್ಕ ಉರ್ದು ಅಂತ ಬರದೀರಿ. ವೀರಭದ್ರ ದೇವರ ಜಾತ್ರ್ಯಾಗ ಬಂದು ನೋಡ್ರಿ, ಯಾವ ಭಾಷಾದಾಗ ಕೂಗತಾರ. ನಮ್ಮ ಮನೀದೇ ತಗೋರಿ. ಅವ್ವನ ಕೂಡ ಕನ್ನಡ, ಬಾಜಾರದಾಗ ಹಿಂದಿ, ಸೋಯರಿಕಿ ಎಲ್ಲಾ ಉದಗೀರದಾಗ, ಅದಕ ಸೊಸಿ ಕೂಡ ಮರಾಠಿ. ನಮಗ ಯಾವ ಕಾರ್ಡಿನ್ಯಾಗ ಹಾಕತೀರಿ?”

ಅವರ ಮನೆಯಿಂದ ಮಾಣಿಕನಗರ ದೂರವಲ್ಲ. ಬಸವಕಲ್ಯಾಣದ ಬಳಿಯ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿದ ಮಾಣಿಕಪ್ರಭುಗಳು ನೆಲೆನಿಂತ ಸ್ಥಳವದು. ಅವರ ಪದಗಳು ಮರಾಠಿಯಲ್ಲಿವೆ, ಕನ್ನಡದಲ್ಲಿವೆ, ಹಿಂದಿ-ಉರ್ದುವಿನಲ್ಲೂ ಇವೆ. ಆ ಸಂಜೆ ಅಲ್ಲಿ ಕುಳಿತು ನನ್ನ ಮೂರನೆಯ ಅಂಕಣವನ್ನು ನೋಡಿದಾಗ ಅದು ಅಗತ್ಯಕ್ಕಿಂತ ಕಿರಿದಾಗಿದೆಯೆನಿಸಿತು.

ಇನ್ನೊಂದು ತಪ್ಪನ್ನು ಯಾರೂ ತೋರಿಸಿಕೊಡಲಿಲ್ಲ. ಕಾರ್ಡುಗಳನ್ನು ಅಕಾರಾದಿಯಾಗಿ ಜೋಡಿಸುವಾಗ ನಾನೇ ಕಂಡೆ. ಅಕ್ಕಲಕೋಟೆಯ ಕಾರ್ಡಿನಲ್ಲಿ ‘ಕನ್ನಡ ಪ್ರದೇಶ, ಸದ್ಯಕ್ಕೆ ಮಹಾರಾಷ್ಟ್ರದ ಆಡಳಿತದಲ್ಲಿದೆ’ ಎಂದು ಬರೆದಿದ್ದೆ. ಗಡಿಯ ಈಚೆಗಿದ್ದು, ಮನೆಮನೆಯಲ್ಲಿ ಮರಾಠಿ ಕೇಳಿಬರುತ್ತಿದ್ದ ಹಳ್ಳಿಯೊಂದರ ಕಾರ್ಡಿನಲ್ಲಿ ಬರೀ ‘ಕರ್ನಾಟಕದ ಗ್ರಾಮ’ ಎಂದಿತ್ತು. ಆಚೆಯದಕ್ಕೆ ಭಾಷೆಯ ತಕ್ಕಡಿ, ಈಚೆಯದಕ್ಕೆ ಆಡಳಿತದ ತಕ್ಕಡಿ. ಎರಡು ಕಾರ್ಡುಗಳನ್ನೂ ಬರೆದ ಕೈ ಒಂದೇ, ಶಾಯಿಯೂ ಒಂದೇ. ‘ಸದ್ಯಕ್ಕೆ’ ಎಂಬ ಆ ಒಂದು ಮಾತನ್ನು ನಾನು ಬಲು ಪ್ರೀತಿಯಿಂದ ಬರೆದಿದ್ದೆನೆಂಬುದು ನೆನಪಿದೆ. ಅದನ್ನು ಹೊಡೆದುಹಾಕಲು ಮನಸ್ಸಾಗದೆ ಎರಡು ದಿನ ಇಟ್ಟುಕೊಂಡೆ. ಕನ್ನಡದ ಅಧ್ಯಾಪಕನಾಗಿ, ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ವರ್ಷವರ್ಷವೂ ಪಾಠ ಹೇಳುವವನಾಗಿ, ಆ ಗೆರೆ ಎಳೆಯುವುದು ಸುಲಭವಾಗಿರಲಿಲ್ಲ.

ಕೊನೆಗೆ ನಾವು ಅನುಸರಿಸಿದ ಕ್ರಮ ಸರಳವಾದುದು. ಟಿಪ್ಪಣಿಯ ಮೊದಲ ವಾಕ್ಯದಲ್ಲಿ ಊರು ಇಂದು ಯಾವ ರಾಜ್ಯದ, ಯಾವ ತಾಲ್ಲೂಕಿನ ಆಡಳಿತದಲ್ಲಿದೆ ಎಂಬುದಷ್ಟೇ. ಅಲ್ಲಿ ಹಕ್ಕಿನ ಮಾತಿಲ್ಲ. ಭಾಷೆಗೆ ಪ್ರತ್ಯೇಕ ವಾಕ್ಯ, ಆಡುವ ಭಾಷೆಗಳೆಲ್ಲವನ್ನೂ ಹೆಸರಿಸಿ. ವಿವಾದವಿದ್ದಲ್ಲಿ ಯಾರು, ಯಾವ ವರ್ಷ, ಏನು ಕೇಳಿದರು ಎಂದು ಇನ್ನೊಂದು ವಾಕ್ಯ. ಆಚೆಗೂ ಈಚೆಗೂ ಇದೇ ಕ್ರಮ. ಘಟನೆಗಳಿಗೆ ಆ ಕಾಲದ ಹೆಸರು, ಕಂಸದಲ್ಲಿ ಇಂದಿನದು. ಷೋಪೆನ್‌ಹವರ್ 1788ರಲ್ಲಿ ಹುಟ್ಟಿದ ಊರನ್ನು ಕೋಶಗಳು ಡಾಂಜಿಗ್ ಎಂದೇ ಬರೆದು, ಇಂದು ಪೋಲೆಂಡಿನ ಗ್ದಾನ್ಸ್ಕ್ ಎಂದು ಸೇರಿಸುವುದಿಲ್ಲವೇ, ಹಾಗೆ. ವಿವರಣೆಯೆಲ್ಲ ‘ಬಸವಕಲ್ಯಾಣ’ದಲ್ಲಿ, ‘ಕಲ್ಯಾಣ’, ‘ಕಲ್ಯಾಣಿ’ಗಳಲ್ಲಿ ‘ನೋಡಿ’ ಎಂಬ ಸೂಚನೆ. ‘ಭಾಷಾಪ್ರದೇಶ’ ಅಂಕಣವನ್ನು ತೆಗೆದುಹಾಕಿದೆವು. ಇದನ್ನು ಒಪ್ಪದ ಕನ್ನಡಾಭಿಮಾನಿ ಮಿತ್ರರು ನನ್ನೊಡನೆ ಕೆಲಕಾಲ ಮಾತು ಬಿಟ್ಟದ್ದೂ ಉಂಟು.

ಇಂಥ ಟಿಪ್ಪಣಿಗಳು ಹಳಸುವ ವೇಗ ಮಾತ್ರ ಬೆರಗು ಹುಟ್ಟಿಸುತ್ತದೆ. 1956ರಲ್ಲಿ ಮೈಸೂರು ಸೇರಿದ ಊರು 1973ರಲ್ಲಿ ಕರ್ನಾಟಕದ್ದಾಯಿತು. ಉದಗೀರ ಉಸ್ಮಾನಾಬಾದ ಜಿಲ್ಲೆಯಿಂದ 1982ರಲ್ಲಿ ಲಾತೂರಿಗೆ ಹೋಯಿತು. ನಾರಾಯಣಖೇಡ 2014ರಲ್ಲಿ ತೆಲಂಗಾಣಕ್ಕೆ ಸೇರಿತು. 2019ರಲ್ಲಿ ಹೈದರಾಬಾದ ಕರ್ನಾಟಕವು ಕಲ್ಯಾಣ ಕರ್ನಾಟಕವಾಯಿತು. ಹುಮನಾಬಾದದಿಂದ ಚಿಟಗುಪ್ಪವೂ ಬಸವಕಲ್ಯಾಣದಿಂದ ಹುಲಸೂರವೂ ಬೇರೆ ತಾಲ್ಲೂಕುಗಳಾಗಿ ಒಡೆದಿವೆ. ನಾವು ಅಚ್ಚು ಹಾಕಿಸಿದ್ದರಲ್ಲಿ ಬಹುಪಾಲು ಮೊದಲ ವಾಕ್ಯಗಳು ಈಗ ತಪ್ಪು. ಎರಡನೆಯ ವಾಕ್ಯಗಳು ಇನ್ನೂ ನಿಂತಿವೆ.

ಪುಸ್ತಕ ಬಂದಾಗ ಒಂದು ಪ್ರತಿಯನ್ನು ಪಟವಾರಿಗಳಿಗೆ ಒಯ್ದುಕೊಟ್ಟೆ. ಅವರು ನೇರವಾಗಿ ‘ಹ’ಕಾರಕ್ಕೆ ಹೋಗಿ ಹಳ್ಳಿಖೇಡವನ್ನು ತೆಗೆದರು. ಮೊದಲು ಹಳ್ಳಿಖೇಡ (ಕೆ), ಅದರ ಕೆಳಗೆ ಹಳ್ಳಿಖೇಡ (ಬಿ).

“ಅಲ್ರಿ ಸರ, ತಮ್ಮನ ಮುಂದ ಕುಂದರಿಸಿ ಅಣ್ಣನ ಹಿಂದ ನಿಂದರಿಸೀರಲ್ರಿ!”

ಅಕಾರಾದಿಯಲ್ಲಿ ‘ಕ’ ಮೊದಲು, ‘ಬ’ ಆಮೇಲೆ ಎಂದು ನಾನು ವಿವರಿಸಹೊರಟೆ.

“ಅದು ಕನ್ನಡದಾಗ್ರಿ,” ಎಂದು ಅವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ನಕ್ಕರು. “ಉರ್ದುದಾಗ ‘ಬೇ’ ಮೊದಲು ಬರ್ತದ, ‘ಖೇ’ ಆಮ್ಯಾಲ.”