ನೀತಿ ಸಂಶೋಧನೆಯ ಇಂಟರ್ನ್‌ಗೆ ಸ್ಟೈಪೆಂಡ್ ಏಕೆ?

ಪೀಣ್ಯದ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ಕಸುಬು ಕಲಿಯುವ ಐಟಿಐ ಅಪ್ರೆಂಟಿಸ್‌ಗೆ 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಸ್ಟೈಪೆಂಡ್, ಅಂದರೆ ಕಲಿಕೆಯ ಅವಧಿಯ ಮಾಸಿಕ ಭತ್ಯೆ, ಕೊಡಲೇಬೇಕು. ಆದರೆ ಸರ್ಕಾರದ ಯೋಜನೆ, ಕಾನೂನುಗಳನ್ನು ಅಧ್ಯಯನ ಮಾಡಿ ಸಲಹೆ ನೀಡುವ ನೀತಿ ಸಂಶೋಧನಾ ಸಂಸ್ಥೆಗಳಲ್ಲಿ ಇಂಟರ್ನ್‌ಶಿಪ್ ಮಾಡುವ ಕಾಲೇಜು ವಿದ್ಯಾರ್ಥಿಗೆ ಇಂತಹ ಕಾನೂನಿನ ಆಸರೆ ಸಾಮಾನ್ಯವಾಗಿ ಇರುವುದಿಲ್ಲ. ದೆಹಲಿಯ ನೀತಿ ಆಯೋಗದ ಇಂಟರ್ನ್‌ಶಿಪ್ ಕೂಡ, ವಿಚಿತ್ರವೆನಿಸಿದರೂ, ಸಂಭಾವನೆರಹಿತವಾಗಿಯೇ ನಡೆದುಬಂದಿದೆ. ಸಮೀಕ್ಷಾ ನಮೂನೆಗಳ ಖಾಲಿ ಕಲಂಗಳನ್ನು ಪತ್ತೆಹಚ್ಚುವುದು, ಅಧಿಸೂಚನೆಗಳನ್ನು ದಿನಾಂಕವಾರು ಜೋಡಿಸುವುದು ಮುಂತಾದ, ಇಂಟರ್ನ್‌ಗಳು ಮಾಡುವ ನೀತಿ ಸಂಶೋಧನೆಯ ಆರಂಭಿಕ ಕೆಲಸಗಳು ಬೇಸರ ತರಿಸಿದರೂ, ವರದಿಯ ಅಂಕಿಅಂಶಗಳು ನಿಲ್ಲುವುದು ಅವುಗಳ ಮೇಲೆಯೇ. ಭತ್ಯೆ ಇಲ್ಲವಾದರೆ, ರಾಯಚೂರಿನಿಂದಲೋ ಹಾಸನದಿಂದಲೋ ಬೆಂಗಳೂರಿಗೆ ಬಂದು ಪಿಜಿ ಬಾಡಿಗೆ ಕಟ್ಟಬೇಕಾದ ವಿದ್ಯಾರ್ಥಿ ಅರ್ಜಿ ಹಾಕುವ ಗೋಜಿಗೇ ಹೋಗುವುದಿಲ್ಲ.