ಕರಿ ಎರಡು ಕೊಡಿ, ಮಾಸ್ತರೇ

ರಾತ್ರಿ ನಾಟಕವಿದ್ದರೆ ನಟಿಯರು ಊರಿಗೆ ಬಂದಿಳಿಯುವುದು ಅದೇ ದಿನ ಮಧ್ಯಾಹ್ನ. ಮರಿಯಮ್ಮನಹಳ್ಳಿಯಿಂದಲೋ ದಾವಣಗೆರೆಯಿಂದಲೋ ಬಸ್ಸಿಗೆ ಬಂದು, ಯಾರದೋ ಮನೆಯ ಪಡಸಾಲೆಯಲ್ಲಿ ಬ್ಯಾಗಿಟ್ಟು, ಊಟ ಮುಗಿಸಿ, ಹೊತ್ತು ಇಳಿಯುವಾಗ ಹಾರ್ಮೋನಿಯಂ ಪಕ್ಕ ಬಂದು ಕೂರುತ್ತಾರೆ. ಎರಡು ತಿಂಗಳಿಂದ ತಾಲೀಮು ಮಾಡಿದ ಊರ ಹುಡುಗರ ಎದೆ ಡವಗುಟ್ಟುತ್ತಿರುತ್ತದೆ. ನಟಿ ಮಾತ್ರ ನಿರಾಳ. ‘ಕರಿ ಎರಡು ಕೊಡಿ, ಮಾಸ್ತರೇ’ ಅನ್ನುತ್ತಾರೆ. ಹಾರ್ಮೋನಿಯಂನ ಎರಡನೇ ಕರಿ ಮನೆಯೇ ಆಕೆಯ ಶ್ರುತಿ, ಮಾಸ್ತರರ ಬೆರಳು ಅದರ ಮೇಲೆ ಕೂರುತ್ತದೆ. ಆಕೆ ಎರಡು ಸಾಲು ಗುನುಗುತ್ತಾರೆ, ತಬಲಾದವರು ಒಂದು ಆವರ್ತ ಬಾರಿಸುತ್ತಾರೆ, ತಾಲೀಮು ಮುಗಿಯಿತು. ಆ ಎರಡು ಸಾಲಿನಲ್ಲೇ ಆಕೆಯ ಗಂಟಲು ಎಲ್ಲಿ ಏರುತ್ತದೆ, ಎಲ್ಲಿ ಉಸಿರು ತೆಗೆದುಕೊಳ್ಳುತ್ತದೆ ಎಂದು ಮಾಸ್ತರರು ತಿಳಿದುಕೊಂಡಿರಬೇಕು. ಮೂರನೇ ಗಂಟೆ ಹೊಡೆದು ಪರದೆ ಎದ್ದ ಮೇಲೆ ಕೇಳಿ ತಿಳಿಯಲು ಪುರುಸೊತ್ತಿಲ್ಲ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆ ಜಾತ್ರೆಗೊಂದು ನಾಟಕವಾಡದ ಊರು ಕಡಿಮೆ. ನಾಟಕ ಬರೆದವರ ಹೆಸರು ಜನಕ್ಕೆ ಗೊತ್ತು, ಪಾತ್ರಧಾರಿಗಳ ಹೆಸರು ಬಾಯಿಪಾಠ. ಹಾರ್ಮೋನಿಯಂ ನುಡಿಸುತ್ತ ಅದನ್ನೆಲ್ಲ ಕಟ್ಟಿ ನಿಲ್ಲಿಸುವ ಪೇಟಿ ಮಾಸ್ತರರ ಬಗ್ಗೆ ಬರೆದದ್ದು ತೀರಾ ಕಡಿಮೆ.

ಅಮೆರಿಕದ ಜಾಜ್ ಸಂಗೀತದಲ್ಲಿ ಇದೇ ಕೆಲಸ ಮಾಡುವವರಿಗೆ ದೊಡ್ಡ ಸ್ಥಾನವಿದೆ. ಹಾಡನ್ನು ನುಡಿಸುವವರಿಗೆ ಹೊಂದಿಸಿ, ಯಾವ ವಾದ್ಯ ಯಾವಾಗ ಬರಬೇಕೆಂದು ಗೊತ್ತುಮಾಡುವ ಕೆಲಸ ಅದು. ಅವರನ್ನು ಅರೇಂಜರ್ ಅನ್ನುತ್ತಾರೆ. ಪಿಯಾನೋ ಮುಂದೆ ಕೂತೇ ಇಡೀ ಮೇಳವನ್ನು ನಡೆಸುತ್ತಿದ್ದ ಡ್ಯೂಕ್ ಎಲಿಂಗ್ಟನ್ (1899–1974) ಈ ವಿದ್ಯೆಯ ದೊಡ್ಡ ಯಜಮಾನ. 1963ರಲ್ಲಿ ತನ್ನ ತಂಡ ಕಟ್ಟಿಕೊಂಡು ಭಾರತಕ್ಕೂ ಬಂದಿದ್ದ. ಆತ ತುತ್ತೂರಿಗೆಂದೋ ಸ್ಯಾಕ್ಸೋಫೋನಿಗೆಂದೋ ಬರೆಯುತ್ತಿರಲಿಲ್ಲ, ತನ್ನ ತಂಡದ ಇಂಥವನ ಉಸಿರಿಗೆ, ಇಂಥವನ ತುಟಿಗೆ ಎಂದೇ ಬರೆಯುತ್ತಿದ್ದ. ಅವನಿಗಿಂತ ಮೊದಲೇ ಟೆಡ್ಡಿ ವೆದರ್‌ಫೋರ್ಡ್ ಎಂಬ ಕಪ್ಪು ಅಮೆರಿಕನ್ ಪಿಯಾನೋ ವಾದಕ ಮುಂಬಯಿ, ಕಲ್ಕತ್ತಾಗಳ ದೊಡ್ಡ ಹೋಟೆಲುಗಳಲ್ಲಿ ನುಡಿಸಿ, 1945ರಲ್ಲಿ ಕಲ್ಕತ್ತಾದಲ್ಲೇ ಕಾಲರಾಕ್ಕೆ ತುತ್ತಾದ. ಆ ಸಂಗೀತಕ್ಕೂ ನಮ್ಮ ಜಾತ್ರೆಯ ಬಯಲಿಗೂ ನೇರ ನಂಟಿಲ್ಲ. ಆದರೆ ಹಾಡನ್ನು ಒಬ್ಬ ಇಂಥ ಮನುಷ್ಯನ ಗಂಟಲಿಗೆ ಹೊಲಿದು ಕೊಡುವ ವಿದ್ಯೆ ಎರಡೂ ಕಡೆ ಒಂದೇ.

ಪೇಟಿ ಇಲ್ಲಿಯದಲ್ಲ. ಅಲೆಕ್ಸಾಂಡರ್ ಡೆಬೆಯ್ನ್ ಎಂಬಾತ ಪ್ಯಾರಿಸ್ಸಿನಲ್ಲಿ 1842ರಲ್ಲಿ ಹಾರ್ಮೋನಿಯಂಗೆ ಪೇಟೆಂಟ್ ಪಡೆದ. ಅದು ಕಾಲಲ್ಲಿ ತುಳಿದು ಗಾಳಿ ತುಂಬುವ ವಾದ್ಯ. ಪಾದ್ರಿಗಳ ಜೊತೆ ಇಲ್ಲಿಗೆ ಬಂತು. ಕಲ್ಕತ್ತಾದ ದ್ವಾರಕಾನಾಥ ಘೋಷ್ ಅದಕ್ಕೆ ಕೈತಿದಿ ಹಚ್ಚಿ, ನೆಲದ ಮೇಲೆ ಕೂತು ನುಡಿಸುವಂತೆ ಮಾಡಿದರು. ಭಜನೆಗೆ, ಕೀರ್ತನೆಗೆ ಆ ಕೈಪೇಟಿ ಒಗ್ಗಿತು. ನಾಟಕದವರು ಮಾತ್ರ ಕಾಲಿನ ಪೇಟಿಯನ್ನು ಬಿಡಲಿಲ್ಲ. ಎರಡೂ ಕೈ ಖಾಲಿ ಸಿಗುತ್ತವೆ, ಸದ್ದು ದೊಡ್ಡದು, ಮೈಕಿಲ್ಲದ ಕಾಲದಲ್ಲಿ ಹಿಂದಿನ ಸಾಲಿನವರೆಗೂ ಮುಟ್ಟುತ್ತಿತ್ತು.

ಈ ಸೀಮೆಗೆ ನಾಟಕದ ಸಂಗೀತ ಎರಡು ದಿಕ್ಕಿನಿಂದ ಬಂತು. ತುಂಗಭದ್ರೆಯ ಆಚೆ ದಂಡೆ ಮುಂಬಯಿ ಪ್ರಾಂತ್ಯ, ಈಚೆ ದಂಡೆ ಮದ್ರಾಸಿನ ಬಳ್ಳಾರಿ ಜಿಲ್ಲೆ. ಆಚೆ ಬೆಳಗಾವಿ ಸೀಮೆಯ ಗುರ್ಲಹೊಸೂರಿನ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಪುಣೆಯಲ್ಲಿ ಮರಾಠಿಯ ‘ಸಂಗೀತ ಶಾಕುಂತಲ’ ಆಡಿಸಿದ ಮೇಲೆ ಹಾಡಿನ ನಾಟಕದ ಹುಚ್ಚು ಕನ್ನಡ ಜಿಲ್ಲೆಗಳಿಗೂ ಹತ್ತಿತು. ಮರಾಠಿ ನಾಟಕಗಳ ಭರಾಟೆಗೆ ಎದುರಾಗಿ ಶಾಂತಕವಿಗಳು 1870ರ ದಶಕದಲ್ಲೇ ಗದುಗಿನಲ್ಲಿ ಕನ್ನಡ ಮಂಡಳಿ ಕಟ್ಟಿದ್ದರು. ಶಿರಹಟ್ಟಿಯ ವೆಂಕೋಬರಾಯರ ಕಂಪನಿ, ಗರುಡ ಸದಾಶಿವರಾಯರ ಕಂಪನಿ ಎಲ್ಲ ಹಡಗಲಿಯ ಎದುರು ದಂಡೆಯ ಸೀಮೆಯಲ್ಲೇ ಬೆಳೆದವು. ಅಲ್ಲಿಂದ ಬಂದದ್ದು ಹಿಂದೂಸ್ತಾನಿ ರಾಗದ ರಂಗಗೀತೆ.

ಇನ್ನೊಂದು ಗಾಳಿ ಮೂಡಲಿನಿಂದ ಬೀಸಿತು. ಬಳ್ಳಾರಿಯಲ್ಲಿ ಧರ್ಮವರಂ ರಾಮಕೃಷ್ಣಮಾಚಾರ್ಯರು, ಕೋಲಾಚಲಂ ಶ್ರೀನಿವಾಸರಾಯರು ತೆಲುಗು ನಾಟಕ ಸಭೆಗಳನ್ನು ನಡೆಸಿದರು, ನಟ ಬಳ್ಳಾರಿ ರಾಘವರು ಆ ನೆಲದಲ್ಲೇ ಮೇಲೆದ್ದರು. ತೆಲುಗಿನ ಪದ್ಯನಾಟಕದಲ್ಲಿ ಪದ್ಯವನ್ನು ತಾಳವಿಲ್ಲದೆ ಎತ್ತಿ, ಕೊನೆಯ ಅಕ್ಷರ ಹಿಡಿದು ರಾಗ ಎಳೆಯುತ್ತಾರೆ. ಬಳ್ಳಾರಿ ಜಿಲ್ಲೆ 1953ರಲ್ಲಿ ಮೈಸೂರಿಗೆ ಸೇರಿತು, ಈಗ ನಮ್ಮ ಐದು ತಾಲ್ಲೂಕು ವಿಜಯನಗರ ಜಿಲ್ಲೆಯಲ್ಲಿವೆ. ಗಡಿ ಎಷ್ಟು ಸಲ ಬದಲಾದರೂ ಎರಡೂ ಬಗೆ ಇಲ್ಲಿ ಉಳಿದವು. ಆಚೆಯವರು ಭೂಪ ಅಂದರೆ, ಮಾಲಕಂಸ ಅಂದರೆ, ಈಚೆಯವರು ಅವೇ ರಾಗಗಳನ್ನು ಮೋಹನ, ಹಿಂದೋಳ ಅಂದರೆ, ಎಲ್ಲಕ್ಕೂ ಓಗೊಡುವವರು ನಮ್ಮ ಪೇಟಿ ಮಾಸ್ತರರು. ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ಯನ್ನು ಈ ಕಡೆ ಆಡುವಾಗ ಈ ಎರಡು ಗಾಳಿಯೂ ಒಂದೇ ದೃಶ್ಯದಲ್ಲಿ ಬೀಸುವುದುಂಟು. ಅದರ ದ್ರೌಪದಿಯಾಗಿ ಸುಭದ್ರಮ್ಮ ಮನ್ಸೂರರು ಇಡೀ ಬಳ್ಳಾರಿ ಸೀಮೆಯ ನೆನಪಿನಲ್ಲಿ ಉಳಿದಿದ್ದಾರೆ. ಅವರ ಒಂದೊಂದು ಏರು ದನಿಯ ಹಿಂದೆಯೂ ಪೇಟಿ ತುಳಿಯುವ ಒಬ್ಬರಿದ್ದರು.

ಈ ಮಾಸ್ತರರು ಎಲ್ಲಿ ಕಲಿತರು ಎಂದರೆ ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೆನೆಯಲೇಬೇಕು. ಪಂಚಾಕ್ಷರ ಗವಾಯಿಗಳು (1892–1944) ಕಣ್ಣಿಲ್ಲದ ಮಕ್ಕಳನ್ನು ಕರೆದುಕೊಂಡು ಊರೂರು ತಿರುಗಿ ಸಂಗೀತ ಕಲಿಸಿದರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914–2010) ಆಶ್ರಮದ ಹೊಟ್ಟೆ ತುಂಬಿಸಲು ನಾಟಕ ಕಂಪನಿಯನ್ನೇ ನಡೆಸಿದರು. ಅಲ್ಲಿ ಕಲಿತವರು ಕೀರ್ತನೆಗೆ, ಪುರಾಣಕ್ಕೆ, ಶಾಲೆಗೆ, ಕಂಪನಿಗೆ ಎಂದು ನಾಡಿನ ತುಂಬ ಹರಡಿಕೊಂಡರು. ಉಳಿದವರು ಕಂಪನಿಯಲ್ಲಿ ಹಿರಿಯರ ಪಕ್ಕ ಕೂತು, ಕಣ್ಣಲ್ಲಿ ನೋಡಿ ಕಿವಿಯಲ್ಲಿ ಹಿಡಿದವರು.

ಹಳ್ಳಿ ನಾಟಕಕ್ಕೆ ಮಾಸ್ತರರು ಗುತ್ತಿಗೆಯ ಮೇಲೆ ಬರುತ್ತಾರೆ. ಇಷ್ಟು ದಿನ, ಇಷ್ಟು ಹಣ, ಊಟ ದಿನಕ್ಕೊಂದು ಮನೆಯಲ್ಲಿ. ಗುಡಿಯ ಕಟ್ಟೆಯ ಮೇಲೋ ಶಾಲೆಯ ಕೋಣೆಯಲ್ಲೋ ರಾತ್ರಿ ಉಂಡ ಮೇಲೆ ತಾಲೀಮು. ಎದುರಿಗೆ ಕೂತವರು ಹಗಲೆಲ್ಲ ಹೊಲದಲ್ಲಿ ದುಡಿದು ಬಂದವರು, ದರ್ಜಿಗಳು, ಟ್ರ್ಯಾಕ್ಟರ್ ಹೊಡೆಯುವವರು. ಮಾಸ್ತರರು ಮೊದಲ ವಾರ ಹಾಡು ಕಲಿಸುವುದಿಲ್ಲ, ಮಾತು ಹೇಳಿಸುತ್ತಾರೆ. ಭೀಮನ ಪಾತ್ರದವನ ಮಾತು ಯಾವ ಮನೆಯ ಹತ್ತಿರ ನಿಲ್ಲುತ್ತದೆ ಎಂದು ಪೇಟಿಯ ಮೇಲೆ ಮೆಲ್ಲಗೆ ತಡವಿ ನೋಡುತ್ತಾರೆ. ಅವನ ಮಾತು ನಿಂತ ಜಾಗದಿಂದಲೇ ಹಾಡು ಎದ್ದರೆ ಅವನಿಗೆ ಸುಲಭ. ಬಿಳಿ ನಾಲ್ಕಕ್ಕೆ ಕಟ್ಟಿದ್ದ ಮಟ್ಟು ಅವನಿಗಾಗಿ ಕರಿ ಒಂದಕ್ಕೆ ಇಳಿಯುತ್ತದೆ. ತಾರಕ್ಕೆ ಹೋಗದವನಿಗೆ ಮಟ್ಟಿನ ಆ ತಿರುವನ್ನೇ ಬದಲಿಸಿ, ಅಲ್ಲಿ ತಬಲಾದ ಒಂದು ತುಂಡು ಕೂರಿಸುತ್ತಾರೆ. ನೋಡುವವರಿಗೆ ಅದು ಕೊರತೆ ಅನ್ನಿಸುವುದಿಲ್ಲ, ಶಿಳ್ಳೆ ಬೀಳುವುದೇ ಅಲ್ಲಿ. ನನ್ನ ಮಟ್ಟಿಗೆ ಇದು ಪೂರಾ ಸಂಗೀತ ಸಂಯೋಜನೆ. ಇದನ್ನು ‘ಸಾಥ್’ ಎಂದು ಕರೆದು ಕೈತೊಳೆದುಕೊಳ್ಳುವುದು ಅನ್ಯಾಯ.

ನಾಟಕದ ರಾತ್ರಿ ಪೇಟಿಯ ಪಕ್ಕ ಕೂತು ನೋಡಬೇಕು. ಕಾಲು ಒಂದೇ ಸಮ ತುಳಿಯುತ್ತಿರುತ್ತದೆ, ಕಣ್ಣು ಪಾತ್ರಧಾರಿಯ ಗಂಟಲ ಮೇಲೆ. ಪದ್ಯದ ರಾಗ ಎಳೆಯುವಾಗ ಮಾಸ್ತರರು ಬೆನ್ನು ಹತ್ತುವುದಿಲ್ಲ, ಶ್ರುತಿಯೊಂದನ್ನೇ ಹಿಡಿದಿರುತ್ತಾರೆ. ಹಾಡುವವ ಉಸಿರಿಗೆ ನಿಂತ ಕ್ಷಣ ಬಲಗೈ ಓಡಿ ಅವನು ಹಾಡಿದ್ದನ್ನೇ ಬೇರೆ ಬಣ್ಣದಲ್ಲಿ ಹೇಳಿ ಬರುತ್ತದೆ. ಮಾತು ಮರೆತವನಿಗೆ ನಾಲ್ಕು ಸ್ವರ ನುಡಿಸಿ ಹೊತ್ತು ಕೊಡುತ್ತಾರೆ. ‘ಒನ್ಸ್ ಮೋರ್’ ಬಿದ್ದರೆ ಎರಡನೇ ಸಲ ಸಂಗತಿ ಬದಲು. ಮೊದಲೇ ಬರೆದಿಟ್ಟದ್ದು ಯಾವುದೂ ಇಲ್ಲ.

ಪೇಟಿಗೆ ದೊಡ್ಡವರ ಮನೆಯಲ್ಲಿ ಅವಮಾನವೂ ಆಯಿತು. ಅದರ ಸ್ವರ ಬಾಗುವುದಿಲ್ಲ, ಗಮಕ ನುಡಿಯುವುದಿಲ್ಲ ಎಂದು ಆಕಾಶವಾಣಿ 1940ರ ಮಾರ್ಚ್ 1ರಿಂದ ಅದನ್ನು ಹೊರಗಿಟ್ಟಿತು. ನಿಷೇಧ ಸಡಿಲವಾದದ್ದು 1971ರಲ್ಲಿ. ವಾದದಲ್ಲಿ ಹುರುಳಿತ್ತು, ಒಪ್ಪುತ್ತೇನೆ. ಬೆಳಗಾವಿಯ ರಾಂಭಾವು ಬಿಜಾಪುರೆ (1917–2010) ಅವರಂಥವರು ತಮ್ಮ ಬೆರಳಿನಿಂದಲೇ ಅದಕ್ಕೆ ಉತ್ತರ ಕೊಟ್ಟರು. ರೇಡಿಯೋ ಬಾಗಿಲು ಮುಚ್ಚಿದ್ದ ಆ ಮೂವತ್ತು ವರ್ಷವೂ ಕಂಪನಿಗಳ ರಂಗದಲ್ಲಿ ಪೇಟಿಯೇ ರಾಜ.

ಅದನ್ನು ನಿಜವಾಗಿ ಇಳಿಸಿದ್ದು ಕ್ಯಾಸಿಯೋ. ಅದೊಂದು ಕಂಪನಿಯ ಹೆಸರು, ಆದರೆ ನಮ್ಮಲ್ಲಿ ಯಾವ ಕೀಬೋರ್ಡ್ ಬಂದರೂ ಕ್ಯಾಸಿಯೋ. ಅದರಲ್ಲಿ ಒಂದು ಗುಂಡಿ ಒತ್ತಿದರೆ ಶ್ರುತಿ ಏರುತ್ತದೆ, ಇಳಿಯುತ್ತದೆ. ಬೆರಳು ಹಳೆಯ ಮನೆಯಲ್ಲೇ ಇರಬಹುದು. ತಾಳವೂ ಅದರಲ್ಲೇ ಬರುತ್ತದೆ. ಖರ್ಚು ಕಡಿಮೆ, ಹೊರಲು ಹಗುರ, ಹುಡುಗರು ಬೇಗ ಕಲಿಯುತ್ತಾರೆ. ಇದನ್ನು ತಪ್ಪೆನ್ನಲಾರೆ. ಆದರೆ ಆ ತಾಳ ಯಾರಿಗಾಗಿಯೂ ನಿಲ್ಲುವುದಿಲ್ಲ. ಪಾತ್ರಧಾರಿಯ ಉಸಿರು ಕಟ್ಟಿದರೂ ಯಂತ್ರ ಮುಂದೆ ಹೋಗುತ್ತಿರುತ್ತದೆ. ಹನ್ನೆರಡು ಶ್ರುತಿಯಲ್ಲೂ ಒಂದೇ ಹಾಡನ್ನು ನುಡಿಸಬಲ್ಲ ಬೆರಳುಗಳು ನಮ್ಮ ತಾಲ್ಲೂಕುಗಳಲ್ಲಿ ವರ್ಷ ವರ್ಷ ಕಡಿಮೆಯಾಗುತ್ತಿವೆ.

ಅವರ ವಿದ್ಯೆ ಪುಸ್ತಕದಲ್ಲಿಲ್ಲ. ರಟ್ಟು ಹಾಕಿದ ಹಳೆಯ ನೋಟ್‌ಬುಕ್ಕಿನಲ್ಲಿ ಹಾಡಿನ ಮೊದಲ ಸಾಲು, ಪಕ್ಕದಲ್ಲಿ ‘ಕರಿ ಎರಡು’ ಎಂಬಷ್ಟೇ ಗುರುತಿರುತ್ತದೆ. ಉಳಿದದ್ದೆಲ್ಲ ತಲೆಯಲ್ಲಿ.

ಕೊಟ್ಟೂರು ತೇರಿನಿಂದ ಯುಗಾದಿ ದಾಟುವವರೆಗೆ ಈ ಸೀಮೆಯಲ್ಲಿ ನಾಟಕದ ಕಾಲ. ನಿಮ್ಮೂರಿನ ಕರಪತ್ರ ಅಚ್ಚಿಗೆ ಹೋಗುವಾಗ ಮಾಸ್ತರರ ಹೆಸರನ್ನು ಕೆಳಗಿನ ಮೂಲೆಯಿಂದ ತೆಗೆದು ನಾಟಕಕಾರರ ಹೆಸರಿನ ಪಕ್ಕ ಹಾಕಿಸಿ. ಒಂದು ಸಂಜೆ ಅವರ ಹತ್ತಿರ ಕೂತು, ಫೋನಿನಲ್ಲಿ ರೆಕಾರ್ಡ್ ಹಚ್ಚಿ, ಒಂದೊಂದೇ ಮಟ್ಟು ನುಡಿಸಲು ಕೇಳಿ. ಯಾವ ನಾಟಕ, ಯಾವ ಪಾತ್ರ, ಯಾವ ಶ್ರುತಿ, ಯಾರ ಗಂಟಲಿಗೆ ಕಟ್ಟಿದ್ದು ಎಂಬುದನ್ನು ಅವರ ಬಾಯಲ್ಲೇ ಹೇಳಿಸಿ ಇಟ್ಟುಕೊಳ್ಳಿ.