ನಿಂಬೆಹಣ್ಣಿನ ಗಾಡಿ

ಹೊಸ ಗಾಡಿ ಬಂದ ದಿನ ನಾವು ಚಕ್ರದಡಿ ನಿಂಬೆಹಣ್ಣಿಟ್ಟು ಹತ್ತಿಸುತ್ತೇವೆ. ಅಮೆರಿಕದಲ್ಲಿ ಗಾಡಿಯೇ ನಿಂಬೆಹಣ್ಣು. ಮೇಲೆ ಮಿರುಗುತ್ತ, ಕೊಂಡವರನ್ನು ಗ್ಯಾರೇಜಿಗೆ ಅಲೆಸುವ ಕಾರಿಗೆ ಅಲ್ಲಿನವರು 'ಲೆಮನ್' ಅನ್ನುತ್ತಾರೆ.

ಇದು ನೆನಪಾದದ್ದು ಬೆಂಗಳೂರಿನ ಅಪಾರ್ಟ್‌ಮೆಂಟೊಂದರ ಬೇಸ್‌ಮೆಂಟಿನಲ್ಲಿ, 2018ರ ಫೋರ್ಡ್ ಎಕೋಸ್ಪೋರ್ಟ್ ಕಾರಿನ ಮುಂದೆ ನಿಂತಾಗ. "ಸಿಂಗಲ್ ಓನರ್ ಸಾರ್. ಫಾರಿನ್‌ಗೆ ಹೊರಟಿದೀವಿ, ಇಲ್ದಿದ್ರೆ ಕೊಡ್ತಾನೇ ಇರ್ಲಿಲ್ಲ" ಅಂದರು ಮಾಲೀಕರು. ಗಾಡಿ ಚೆನ್ನಾಗಿಯೇ ಕಂಡಿತು. ಅಷ್ಟು ಚೆನ್ನಾಗಿದ್ದರೆ ಮಾರುವುದೇಕೆ ಎಂಬ ಹುಳ ಮಾತ್ರ ತಲೆ ಬಿಡಲಿಲ್ಲ.

ಅದೇ ಹುಳ 1966–67ರಲ್ಲಿ ಜಾರ್ಜ್ ಅಕರ್ಲಾಫ್ ತಲೆ ಹೊಕ್ಕಿತ್ತು. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಆಗಷ್ಟೇ ಅರ್ಥಶಾಸ್ತ್ರದ ಮೇಷ್ಟ್ರಾಗಿದ್ದ 26ರ ತರುಣ. ಅವರು ಹುಡುಕಹೊರಟದ್ದು ಬೇರೆಯೇ: ಹೊಸ ಕಾರುಗಳ ಮಾರಾಟ ಯಾಕಿಷ್ಟು ಏರಿಳಿಯುತ್ತದೆ? ಆ ದಾರಿಯಲ್ಲಿ ಕಾಲಿಗೆ ಸಿಕ್ಕಿದ್ದು ಇನ್ನೊಂದು ಪ್ರಶ್ನೆ: ಜನ ಹಳೆಯದನ್ನು ಬಿಟ್ಟು ಹೊಸದನ್ನೇ ಏಕೆ ಕೊಳ್ಳುತ್ತಾರೆ? ಮಾರುವವನಿಗೆ ಗಾಡಿಯ ಒಳಗುಟ್ಟು ಗೊತ್ತು, ಕೊಳ್ಳುವವನಿಗಿಲ್ಲ. ಎಲ್ಲ ಅಲ್ಲಿಂದಲೇ ಶುರು.

ನಮ್ಮ ಲೆಕ್ಕದಲ್ಲಿ ನೋಡಿ. ಒಳ್ಳೆ ಗಾಡಿ 8 ಲಕ್ಷ ಬಾಳುತ್ತದೆ, ಕೆಟ್ಟದ್ದು 4. ಯಾವುದು ಯಾವುದೆಂದು ತಿಳಿಯದ ನಾನು 6 ಅನ್ನುತ್ತೇನೆ. ಒಳ್ಳೆ ಗಾಡಿಯವರು 'ಇಷ್ಟಕ್ಕೆ ಯಾರು ಕೊಡ್ತಾರೆ' ಅಂತ ಶೆಡ್ಡಿಗೆ ವಾಪಸ್ ಹಾಕುತ್ತಾರೆ. ಇನ್ನು ಉಳಿದವು ಕೆಟ್ಟವೇ ಎಂದು ನನಗೂ ಹೊಳೆದು 4ಕ್ಕೆ ಇಳಿಯುತ್ತೇನೆ. ನನ್ನ ಕೈಯಲ್ಲಿ 8 ಲಕ್ಷ ಇದ್ದೂ, ಅವರ ಶೆಡ್ಡಿನಲ್ಲಿ ಅಷ್ಟು ಬಾಳುವ ಗಾಡಿ ಇದ್ದೂ ವ್ಯಾಪಾರ ಕುದುರುವುದಿಲ್ಲ.

1967ರ ಜೂನ್‌ನಲ್ಲಿ, ಇದನ್ನೇ ವಾದಿಸಿದ ಲೇಖನವನ್ನು 'ಅಮೆರಿಕನ್ ಎಕನಾಮಿಕ್ ರಿವ್ಯೂ'ಗೆ ಕಳಿಸಿ ಅಕರ್ಲಾಫ್ ದೆಹಲಿಯ ಭಾರತೀಯ ಸಾಂಖ್ಯಿಕ ಸಂಸ್ಥೆಗೆ ಒಂದು ವರ್ಷದ ಮಟ್ಟಿಗೆ ಬಂದರು. ತಿರಸ್ಕಾರದ ಪತ್ರ ಬೆನ್ನಟ್ಟಿ ಇಲ್ಲಿಗೇ ಬಂತು: ವಿಷಯ ತೀರಾ ಕ್ಷುಲ್ಲಕ. ಎರಡನೆಯ ಪತ್ರಿಕೆಯದೂ ಅದೇ ರಾಗ. ಮೂರನೆಯದೂ ಒಲ್ಲೆ ಎಂದಿತು, ಕಾರಣ ಮಾತ್ರ ಉಲ್ಟಾ: ಇದು ನಿಜವಾದರೆ ಅರ್ಥಶಾಸ್ತ್ರವೇ ಬೇರೆಯಾಗಬೇಕಾಗುತ್ತದೆ! ಕೊನೆಗೆ 1970ರಲ್ಲಿ 'ಕ್ವಾರ್ಟರ್ಲಿ ಜರ್ನಲ್ ಆಫ್ ಎಕನಾಮಿಕ್ಸ್' ಆ 13 ಪುಟಗಳನ್ನು ಅಚ್ಚು ಹಾಕಿತು. ಅರ್ಥಶಾಸ್ತ್ರ ಬೇರೆಯೇ ಆಯಿತು. 2001ರಲ್ಲಿ ಸ್ಪೆನ್ಸ್, ಸ್ಟಿಗ್ಲಿಟ್ಸ್ ಜೊತೆ ಅಕರ್ಲಾಫ್‌ಗೂ ನೊಬೆಲ್ ಬಂತು.

ಆ ಪುಟಗಳಲ್ಲಿ ನಮ್ಮ ಅಕ್ಕಿಯೂ ಇದೆ. ಅಕ್ಕಿಯದೇ ಬಣ್ಣ, ಅದೇ ಆಕಾರದ ಕಲ್ಲನ್ನು ಬೇಕೆಂದೇ ಬೆರೆಸುತ್ತಾರೆ, ಭಾರತದ ಗೃಹಿಣಿ ಕೂತು ಆರಿಸಬೇಕು ಎಂದು ಬರೆದಿದ್ದಾರೆ. ಮೊರ ಹಿಡಿದ ನಮ್ಮಜ್ಜಿಗೆ ಈ ಸಿದ್ಧಾಂತವನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

ಗ್ಯಾರಂಟಿ, ಬ್ರ್ಯಾಂಡಿನ ಹೆಸರು ಹುಟ್ಟಿದ್ದು ಈ ಅನುಮಾನ ಕಳೆಯಲಿಕ್ಕೆ ಎಂದೂ ಲೇಖನ ಹೇಳುತ್ತದೆ. ನನ್ನೆದುರಿನ ಗಾಡಿಗೆ ಗ್ಯಾರಂಟಿ ಇರಲಿಲ್ಲ. ಫೋರ್ಡ್ 2021ರಲ್ಲೇ ಇಲ್ಲಿ ಅಂಗಡಿ ಮುಚ್ಚಿದ್ದು ಊರಿಗೆಲ್ಲ ಗೊತ್ತು, ಅದು ಬೆಲೆಯಲ್ಲೇ ಸೇರಿಹೋಗಿದೆ. ಹೆದರಬೇಕಾದ್ದು ಮಾಲೀಕರೊಬ್ಬರಿಗೇ ಗೊತ್ತಿರುವ ವಿಷಯಕ್ಕೆ. "ನಮ್ಮ ಮೆಕ್ಯಾನಿಕ್ ಒಂದ್ಸಲ ನೋಡಬಹುದಾ?" ಅಂದೆ. "ಧಾರಾಳವಾಗಿ" ಎಂದು ಸರ್ವಿಸ್ ಬಿಲ್ಲುಗಳ ಫೈಲನ್ನೇ ಕೈಗಿಟ್ಟರು.

ಭಾನುವಾರ ಮೆಕ್ಯಾನಿಕ್ ಗಾಡಿಯನ್ನು ಲಿಫ್ಟಿಗೆ ಹಾಕಿ ಅಡಿಯೆಲ್ಲ ನೋಡಿದರು. ಸೋಮವಾರ ಅಡ್ವಾನ್ಸ್ ಕೊಟ್ಟೆ.